ನೂರು ಗೀಟು

ಹಂಚಿನ ಮೇಲೆ ಮೂರನೆಯ ಸಜ್ಜೆ ರೊಟ್ಟಿ ಹಾಕಿದ್ದಳಷ್ಟೆ, ಕೆರೆಯ ಏರಿಯ ಮೇಲೆ ಬೈಕಿನ ಸದ್ದು ಕೇಳಿಸಿತು. ಕಾಂಚನಾಳ ಕೈ ಹಿಟ್ಟಿನ ಮೇಲೇ ನಿಂತಿತು.

"ಅವ್ವಾ, ಆಯಿಲ್ ಮಾಮ ಬಂದ್ರು!" ಒಂಬತ್ತು ವರ್ಷದ ಮಗಳು ತೇಜಶ್ರೀ ಒಳಗೆ ಓಡಿಬಂದು, ಅಷ್ಟೇ ವೇಗದಲ್ಲಿ ಹೊರಗೆ ಓಡಿದಳು.

ಮಗ್ಗದಲ್ಲಿ ಕೂತಿದ್ದ ಅತ್ತೆ ಕೆಂಚಕ್ಕ ಲಾಳಿ ನಿಲ್ಲಿಸಿದಳು. "ಮತ್ತೆ ಬಂದ್ನಾ? ಆ ಇಂಜಿನ್ನು ನನಗಿಂತ ಜಾಸ್ತಿ ಎಣ್ಣೆಸ್ನಾನ ಮಾಡ್ತೈತಲ್ಲೇ!"

"ಮೇಸ್ತ್ರಿ ಕೆಲಸ ಮೇಸ್ತ್ರಿಗೆ ಗೊತ್ತಿರ್ತೈತೆ, ಅತ್ತೆ."

"ಹೂಂ, ಗೊತ್ತಿರ್ತೈತೆ. ರೊಟ್ಟಿ ಸೀಯ್ತಾ ಐತೆ ನೋಡು. ಏಳು, ನಾನು ನೋಡ್ಕಂತೀನಿ. ಮಕದ ಮ್ಯಾಲಿನ ಹಿಟ್ಟು ಒರೆಸ್ಕಂಡು ಹೋಗು."

ಐದು ವರ್ಷದ ಹಿಂದೆ ಕೆರೆ ತುಂಬಿ, ಮೊಳಕಾಲ್ಮೂರಿಗೆ ಹೋಗುವ ದಾರಿ ಮುಳುಗಿದಾಗ ಕಾಂಚನಾಳ ಗಂಡ ವೀರೇಶ್ ಕರಾವಳಿಯಿಂದ ಒಂದು ಹಳೆಯ ದೋಣಿ ತಂದಿದ್ದ. ಅದರ ನಡುವೆ, ಮರದ ಪೆಟ್ಟಿಗೆಯೊಳಗೆ ಡೀಸೆಲ್ ಇಂಜಿನ್. ಮರುವರ್ಷವೇ ಅವನು ಜ್ವರದಲ್ಲಿ ತೀರಿಕೊಂಡ. ಅಂದಿನಿಂದ ರೇಷ್ಮೆ ಸೀರೆಯ ಗಂಟು ಹೊತ್ತ ನೇಕಾರರನ್ನೂ ಶಾಲೆಯ ಮಕ್ಕಳನ್ನೂ ಅವಳೇ ಆಚೆ ದಡಕ್ಕೆ ದಾಟಿಸುತ್ತಿದ್ದಳು.

ರವಿಕಿರಣ್ ಚಳ್ಳಕೆರೆಯ ಟ್ರ್ಯಾಕ್ಟರ್ ಮೆಕ್ಯಾನಿಕ್. ಇಬ್ಬರು ತಂಗಿಯರ ಮದುವೆ ಮಾಡುವುದರಲ್ಲಿ ತನ್ನದನ್ನು ಮರೆತವನು. ಎರಡು ವರ್ಷದ ಹಿಂದೆ ಮೊದಲ ಸಲ ಬಂದಾಗ, ದೋಣಿಯ ಹಿಂಬದಿಯ ತಳದಲ್ಲಿ ಒಂದು ಹಿತ್ತಾಳೆಯ ಬಿರಡೆ ಕಂಡು, ಟ್ರ್ಯಾಕ್ಟರಿನಲ್ಲಿದ್ದಂತೆ ಇದೇ ಆಯಿಲ್ ಇಳಿಸುವ ಜಾಗ ಎಂದುಕೊಂಡು ತಿರುಗಿಸಿಬಿಟ್ಟಿದ್ದ. ದೋಣಿಯನ್ನು ದಡಕ್ಕೆಳೆದಾಗ ಒಳಗಿನ ನೀರು ಬಸಿಯುವ ಬಿರಡೆ ಅದು; ಭುಸ್ಸನೆ ನೀರು ನುಗ್ಗಿತು.

"ಅದು ಆಯಿಲ್ ಅಲ್ಲ ಮೇಸ್ತ್ರಿ, ಕೆರೆ!"

ಹಿಮ್ಮಡಿಯಿಂದ ತೂತನ್ನು ಒತ್ತಿ ಹಿಡಿದ ಕಾಂಚನಾ ನಗಲು ಶುರು ಮಾಡಿದವಳು, ನಿಲ್ಲಿಸಲಾಗದೆ ಅಲ್ಲೇ ಕೂತುಬಿಟ್ಟಳು. ವೀರೇಶ್ ಹೋದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಒದ್ದೆ ಪ್ಯಾಂಟಿನಲ್ಲಿ, ಬಿರಡೆ ಕೈಯಲ್ಲಿ ಹಿಡಿದು, ರವಿಕಿರಣ್ ಅವಳನ್ನೇ ನೋಡುತ್ತ ನಿಂತಿದ್ದ.

ಅಂದೇ ಅವನು ತೇಜಶ್ರೀಗೆ ಒಂದು ಸೀಮೆಸುಣ್ಣ ಕೊಟ್ಟಿದ್ದ. "ಇಂಜಿನ್ ಒಂದು ಗಂಟೆ ಓಡಿದ್ರೆ ಪೆಟ್ಟಿಗೆ ಮುಚ್ಚಳದ ಒಳಗೆ ಒಂದು ಗೀಟು ಹಾಕವ್ವ. ನೂರು ಗೀಟಿಗೆ ಒಂದ್ಸಾರಿ ಆಯಿಲ್ ಬದಲಾಯಿಸ್ಬೇಕು."

ನೂರು ಒಮ್ಮೆಯೂ ಆಗಲಿಲ್ಲ. ಮೊದಲು ಎಪ್ಪತ್ತಕ್ಕೆ ಬಂದ. ಆಮೇಲೆ ಐವತ್ತಕ್ಕೆ, ನಲವತ್ತಕ್ಕೆ. ಪ್ರತಿ ಸಲವೂ ತೇಜಶ್ರೀ ಗೀಟು ಎಣಿಸಿ ಬಾಯಿ ತೆರೆಯುವಳು. ಕಾಂಚನಾ ಕಣ್ಣು ದೊಡ್ಡದು ಮಾಡಿ ಸುಮ್ಮನಿರಿಸುವಳು. ಕೇಳಿದರೆ ನಾಚಿಕೊಂಡು ಬರುವುದನ್ನೇ ಬಿಟ್ಟಾನು ಎಂಬ ಭಯ.

ಇವತ್ತಿನ ಮಾತು ಮಾತ್ರ ಬೇರೆ. ಕೆರೆಯ ಮೇಲಿನ ಸೇತುವೆ ಮುಗಿದಿತ್ತು. ಸೋಮವಾರದಿಂದ ಬಸ್ಸು. ದೋಣಿಯನ್ನು ದಡಕ್ಕೆ ಎಳೆದು ಹಾಕಿ, ಕಾಂಚನಾ ಅತ್ತೆಯ ಪಕ್ಕದ ಮಗ್ಗಕ್ಕೆ ಕೂರುವುದೆಂದು ತೀರ್ಮಾನವಾಗಿತ್ತು. ಊಟಕ್ಕೆ ತೊಂದರೆಯಿಲ್ಲ. ರವಿಕಿರಣ್ ಬರುವುದಕ್ಕೆ ಇನ್ನು ನೆಪವಿಲ್ಲ, ಅಷ್ಟೆ.

"ನಿಲ್ಸೋಕೆ ಮುಂಚೆ ಹೊಸ ಆಯಿಲ್ ಹಾಕ್ಬೇಕು," ಎಂದ ಅವನು, ದೋಣಿಗೆ ಕಾಲಿಡುತ್ತ. "ಹಳೇದು ಒಳಗೇ ಇದ್ರೆ ಇಂಜಿನ್ನ ತಿಂತೈತೆ. ಮೊದ್ಲು ಹತ್ತು ನಿಮಿಷ ಓಡಿಸಿ. ಬಿಸಿಯಾದ್ರೆ ತೆಳ್ಳಗಾಗಿ ಪೂರ್ತಿ ಬರ್ತೈತೆ."

ಕಾಂಚನಾ ದೋಣಿಯನ್ನು ಸೇತುವೆಯ ನೆರಳಿನವರೆಗೂ ಒಯ್ದು ತಿರುಗಿಸಿದಳು. ಮಾಮೂಲಿಗಿಂತ ದೊಡ್ಡ ಸುತ್ತು. ಸಾಕು ಎಂದು ಅವನು ಹೇಳುವನೇನೋ ಎಂದು ಕಾದಳು. ಅವನು ನೀರು ನೋಡುತ್ತ ಕೂತಿದ್ದ.

"ಇಪ್ಪತ್ತು ನಿಮಿಷ ಆಯ್ತು ಮಾಮ," ಎಂದಳು ದೋಣಿಯ ಮುಂತುದಿಯಲ್ಲಿ ಕೂತಿದ್ದ ತೇಜಶ್ರೀ.

ದಡಕ್ಕೆ ಕಟ್ಟಿ ಇಂಜಿನ್ ನಿಲ್ಲಿಸಿದರು. ಆಯಿಲ್ ಇಳಿಸುವ ಅಡಿಯ ಬೋಲ್ಟಿಗೆ ಕೈ ಹೋಗದ ಇಂಜಿನ್ ಇದು. ಆಯಿಲಿನ ಮಟ್ಟ ನೋಡುವ ಗೇಜು ಕಡ್ಡಿ ತೆಗೆದು, ಅದರ ಕೊಳವೆಯಲ್ಲಿ ಸಣ್ಣ ಪೈಪು ಇಳಿಸಿ, ಕೈಪಂಪಿನಿಂದ ಹಳೆಯ ಆಯಿಲನ್ನು ಮೇಲಕ್ಕೆಳೆಯಬೇಕು. ರವಿಕಿರಣ್ ಪಂಪು ಒತ್ತಿದ, ಕಾಂಚನಾ ಡಬ್ಬ ಹಿಡಿದಳು. ಫಿಲ್ಟರ್ ಬಿಚ್ಚುವಾಗ ಅವನು ಹೇಳುವ ಮೊದಲೇ ಕೆಳಗೆ ಹಳೆಯ ಪಂಚೆಯ ತುಂಡು ಹಾಸಿದಳು. ಕುರಿಗಳು ಕುಡಿಯುವ ನೀರಿಗೆ ಒಂದು ತೊಟ್ಟೂ ಬೀಳಬಾರದು. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಆಯಿಲ್ ಸವರಿದ್ದೂ ಅವಳೇ.

"ಎಲ್ಲಾ ಕಲ್ತುಬಿಟ್ಟಿದೀರಿ. ಇನ್ನು ನಾನು ಬೇಕಾಗಲ್ಲ."

"ಕಲ್ತು ಒಂದೂವರೆ ವರ್ಷ ಆಯ್ತು ಮೇಸ್ತ್ರಿ."

ಅವನು ತಲೆಯೆತ್ತಿ ನೋಡಿದ. ಅವಳ ಕೆನ್ನೆಯ ಮೇಲೆ ಹಿಟ್ಟು ಇನ್ನೂ ಹಾಗೇ ಇತ್ತು. ಅದನ್ನು ತಿಳಿಸಲು ತನ್ನ ಕೆನ್ನೆ ಮುಟ್ಟಿ ತೋರಿಸಿದ. ಅವನ ಕೆನ್ನೆಯ ಮೇಲೆ ಕರಿ ಆಯಿಲಿನ ಬೆರಳಚ್ಚು ಮೂಡಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿ ನಕ್ಕರು.

ಹೊಸ ಆಯಿಲ್ ಸುರಿದಾಯಿತು. ಒಂದು ಗಳಿಗೆ ಓಡಿಸಿ, ನಿಲ್ಲಿಸಿ, ಕಡ್ಡಿ ಅದ್ದಿ ನೋಡಿದ. ಮಟ್ಟ ಸರಿಯಾಗಿತ್ತು. ಕೆಲಸ ಮುಗಿಯಿತು. ಅವನು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಮತ್ತೆ ಯಾವಾಗ ಬದಲಾಯಿಸ್ಬೇಕು?" ಎಂದು ಕೇಳಿದಳು, ಡಬ್ಬದ ಮುಚ್ಚಳ ಬಿಗಿಯುತ್ತ.

"ನಿಂತ ಇಂಜಿನ್ನಿಗೆ ಸದ್ಯಕ್ಕೇನೂ ಬೇಕಾಗಲ್ಲ." ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, "ಮಗ್ಗಕ್ಕೆ ಆಯಿಲ್ ಹಾಕ್ತಾರಾ?" ಎಂದ.

"ಕೈಮಗ್ಗಕ್ಕಾ? ಎಷ್ಟು ಲೀಟರ್ ಹಿಡಿಸ್ತೈತೆ ಅಂದ್ಕಂಡಿದೀರಿ?"

ಈ ಸಲ ಅವನು ನಗಲಿಲ್ಲ. "ಒಂದು ತೊಟ್ಟು ಅಂದ್ರೂ ಬರ್ತಿದ್ದೆ."

ಕಾಂಚನಾ ಬಿಗಿದಿದ್ದ ಮುಚ್ಚಳವನ್ನೇ ಇನ್ನೊಮ್ಮೆ ಬಿಗಿದಳು. ಏರಿಯಿಂದ ಯಾರದೋ ಕುರಿಮಂದೆ ಇಳಿಯುತ್ತಿತ್ತು.

ತೇಜಶ್ರೀ ಇಂಜಿನ್ ಪೆಟ್ಟಿಗೆಯ ಮುಚ್ಚಳವನ್ನು ಮಗುಚಿ, ಗೀಟುಗಳ ಮೇಲೆ ಬೆರಳಿಟ್ಟು ಎಣಿಸಿದಳು. "ಇಪ್ಪತ್ತೆಂಟು." ಅಳಿಸಲು ಬಟ್ಟೆ ಎತ್ತಿಕೊಂಡವಳು ಎಂದಿನಂತೆ ಅವ್ವನ ಮುಖ ನೋಡಿದಳು.

ಕಾಂಚನಾ ಕಣ್ಣು ದೊಡ್ಡದು ಮಾಡಲಿಲ್ಲ. ಮಗಳ ಕೈಯಿಂದ ಬಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡಳು.

"ಅಳಿಸಬ್ಯಾಡ," ಎಂದಳು. "ಅವ್ರನ್ನೇ ಕೇಳು."

ತೇಜಶ್ರೀ ಉಸಿರೆಳೆದುಕೊಂಡು ಅವನ ಕಡೆಗೆ ತಿರುಗಿದಳು.

"ಮಾಮ, ನೂರು ಗೀಟಿಗೆ ಒಂದ್ಸಾರಿ ಅಂದಿದ್ರಿ. ಒಂದ್ಸಾರಿನೂ ನೂರು ಆಗೇ ಇಲ್ಲ. ನೀವು ಇಂಜಿನ್ ನೋಡಾಕೆ ಬರ್ತಿದ್ರಾ, ನಮ್ಮವ್ವನ್ನ ನೋಡಾಕೆ ಬರ್ತಿದ್ರಾ?"