ಮುಟ್ಟಿದರೆ ನಡೆಸಬೇಕು

“ಮಂತ್ರೀನ ಮುಟ್ಟವ್ಳೆ ಮೇಡಂ. ನಡೆಸ್ಲೇಬೇಕು.”

ತೊಂಬತ್ತೆಂಟರ ಆಗಸ್ಟ್, ಹುಣಸೂರಿನ ರ‍್ಯಾಪಿಡ್ ಚೆಸ್ ಪಂದ್ಯಾವಳಿಯ ಕೊನೆಯ ಸುತ್ತು. ಗಡಿಯಾರ ನಿಲ್ಲಿಸಿ ಹೀಗೆಂದವನು ಊರ ಕ್ಲಬ್ಬಿನ ಹಳೆಯ ಹುಲಿ ಕನಕರಾಜು. ಎದುರಿಗೆ ಬಿಳಿ ಕಾಯಿ ಹಿಡಿದವಳು ಪಿರಿಯಾಪಟ್ಟಣ ಕ್ಲಬ್ಬಿನ ರಮ್ಯಾ, ಕಂಪಲಾಪುರದವಳು. ಗೆದ್ದರೆ ಜಿಲ್ಲಾ ತಂಡದ ಕೊನೆಯ ಜಾಗ ಅವಳದು. ಡ್ರಾ ಆದರೂ ಅದು ಕನಕರಾಜುವಿನದು. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ನಿಯಮ. ಆ ಗಳಿಗೆಯಲ್ಲಿ ಮಂತ್ರಿ ಕದಲಿದರೆ ರಮ್ಯಾಳ ಆಟ ಮುಗಿದಂತೆ.

ತಾನು ಮುಟ್ಟೇ ಇಲ್ಲ ಎಂದಳು ರಮ್ಯಾ. ಮುಟ್ಟಿದ್ದನ್ನು ಕಣ್ಣಾರೆ ಕಂಡೆ ಎಂದು ಕನಕರಾಜುವಿನ ಗೆಳೆಯ ಸ್ವಾಮಿ ಮುಂದೆ ಬಂದ. ಗಲಾಟೆ ಯಾಕೆ, ಡ್ರಾ ಮಾಡಿಕೊಳ್ಳಿ ಎಂದರು ಸಂಘಟಕರು. ಸಹಾಯಕ ತೀರ್ಪುಗಾರನಾಗಿ ನಾನು ಇಂಥ ರಾಜಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಪ್ರತಿ ಸಲವೂ ಮೈ ಉರಿಯುತ್ತದೆ.

“ಮುಟ್ಟದೆ ಇರೋಳು ಯಾಕೆ ಡ್ರಾ ಮಾಡ್ಕಳ್ಲಿ? ಬೇಕಾದ್ರೆ ಪಂದ್ಯದಿಂದ್ಲೇ ಆಚೆಗಾಕಿ. ನಾನಂತೂ ಒಪ್ಕಳಾಕಿಲ್ಲ,” ಎಂದಳು ರಮ್ಯಾ.

ಮುಖ್ಯ ತೀರ್ಪುಗಾರ್ತಿ ಸುನಂದಮ್ಮ ಕನಕರಾಜುವಿನತ್ತ ತಿರುಗಿದರು.

“ಬರೀ ಬೆರಳು ತಾಗಿತೋ, ಹಿಡಿದಳೋ?”

“ತಲೆ ಇಡ್ದು ಎತ್ತಿದ್ಲು. ಆಮೇಲೆ ಇಟ್ಬುಟ್ಟು ಕುದುರೆ ನಡೆಸಿದ್ಲು.”

“ನೀವು ಕಂಡಿದ್ದೂ ಅದೇನಾ, ಸ್ವಾಮಿ?”

“ಊಂ ಮೇಡಂ. ಗಟ್ಟಿಯಾಗೇ ಇಡ್ದಿದ್ಲು.”

“ಸರಿ. ಕನಕರಾಜು, ಆಟ ಶುರುವಾಗುವಾಗ ಇವಳ ಕೈ ಯಾಕೆ ಕುಲುಕಲಿಲ್ಲ?”

ಉತ್ತರ ಇಡೀ ಸಭಾಂಗಣಕ್ಕೇ ಗೊತ್ತಿತ್ತು. ರಮ್ಯಾ ಬೆಳಿಗ್ಗೆ ಹೊಲದಲ್ಲಿ ಹೊಗೆಸೊಪ್ಪು ಮುರಿದು, ಹಾಗೇ ಬಸ್ಸು ಹತ್ತಿದ್ದಳು. ಹಸಿ ಎಲೆಯ ಅಂಟು ಬೆರಳಿಗೆಲ್ಲ ಕಪ್ಪಗೆ ಮೆತ್ತಿತ್ತು. ಸೋಪಿಗೆ ಅದು ಜಗ್ಗುವುದಿಲ್ಲ. ಕಾಯಿಗಳೆಲ್ಲ ಗಲೀಜಾಗುತ್ತವೆ ಎಂದು ಕನಕರಾಜು ಮೊದಲೇ ದೂರು ಕೊಟ್ಟಿದ್ದ. ಹೊಡೆದ ಬಿಳಿ ಕಾಯಿಗಳನ್ನು ಕರವಸ್ತ್ರದಲ್ಲಿ ಹಿಡಿದೇ ಎತ್ತುತ್ತಿದ್ದ.

ಸುನಂದಮ್ಮ ಬಿಳಿ ಕುದುರೆಯನ್ನು ಎತ್ತಿ ತೋರಿಸಿದರು — ಮೈಮೇಲೆ ಕಪ್ಪು ಹೆಬ್ಬೆರಳ ಗುರುತು. ಒಂಟೆಯ ಮೇಲೂ ಅದೇ. ಕಾಲಾಳುಗಳ ಮೇಲೂ ಅದೇ. ಕೊನೆಗೆ, ಆಟದುದ್ದಕ್ಕೂ ತನ್ನ ಮನೆ ಬಿಟ್ಟು ಕದಲದ ಮಂತ್ರಿ. ಸಂಘಟಕರು ಪೆಟ್ಟಿಗೆಯಿಂದ ತೆಗೆದು ಜೋಡಿಸಿಟ್ಟಾಗಿನಷ್ಟೇ ಬೆಳ್ಳಗಿತ್ತು.

“ಇವಳು ಮುಟ್ಟಿದ್ದೆಲ್ಲ ಕಪ್ಪಾಗುತ್ತೆ ಅಂತ ದೂರು ಕೊಟ್ಟವರು ನೀವೇ. ತಲೆ ಹಿಡಿದು ಎತ್ತಿದ ಮಂತ್ರಿ ಬೆಳ್ಳಗಿದೆ. ಸುಳ್ಳು ಹೇಳಿದ್ದು ನೀವು, ಕನಕರಾಜು. ಸ್ವಾಮಿ ಅದಕ್ಕೆ ಸಾಕ್ಷಿ ನಿಂತರು.”

ಸ್ವಾಮಿ ಮೆಲ್ಲಗೆ ಬಾಗಿಲ ಕಡೆ ಸರಿದ. ಗಡಿಯಾರ ಮತ್ತೆ ಓಡಿತು. ಯಾರೋ ಒದ್ದೆ ಬಟ್ಟೆ ಕೊಡಹೋದರು, ರಮ್ಯಾ ಬೇಡವೆಂದಳು. ಆಟ ಮುಗಿಯುವ ಹೊತ್ತಿಗೆ ಮಂತ್ರಿಯ ತಲೆಯ ಮೇಲೂ ಅವಳ ಕಪ್ಪು ಬೆರಳು ಮೂಡಿತ್ತು. ಚೆಕ್ ಬಿದ್ದ ಕನಕರಾಜುವಿನ ರಾಜನಿಗೆ ಹೋಗಲು ಮನೆಯೇ ಉಳಿದಿರಲಿಲ್ಲ.

ಅವಳು ಎದ್ದು ಕೈ ಚಾಚಿದಳು. “ಈಗಾದ್ರೂ ಕುಲುಕಿ.”

ಎಲ್ಲರೂ ನೋಡುತ್ತಿದ್ದರು. ಅವನು ಕುಲುಕಲೇಬೇಕಾಯಿತು. ಅವಳು ಬೇಗ ಬಿಡಲಿಲ್ಲ.