ಗೊಬ್ಬರದ ಗುಂಡಿಯ ಮೇಲೆ ಸೀರೆ

"ಏ, ಅಲ್ಲೇ ನಿಲ್ರಿ! ಆ ಸುಣ್ಣದ ಗೆರಿ ನಮ್ಮ ಹಾಸಿನ ಬುಡಕ್ಕ ಯಾಕ ಬಂತು?"

ನೇಕಾರರ ಹುಡುಗಿ ಶಂಕ್ರವ್ವನ ಕೂಗಿಗೆ ಮುತ್ತಪ್ಪ ಸುಣ್ಣದ ಬುಟ್ಟಿ ಕೆಳಗಿಟ್ಟ.

ಗಜೇಂದ್ರಗಡದ ನೇಕಾರರ ಓಣಿಯ ಹಿಂದಿನ ಬಯಲು ಅದು. ಬೆಳಿಗ್ಗೆ ಅಲ್ಲಿ ಹಾಸಿನ ನೂಲು ಚಾಚಿ, ಗಂಜಿ ಸವರಿ ಒಣಗಿಸುತ್ತಿದ್ದರು. ಊರ ಕಸ ಕೊಳೆಸಿ ಗೊಬ್ಬರ ಮಾಡುವ ಗುಂಡಿಗಳನ್ನು ಅಲ್ಲೇ ತೋಡಿಸಲು ಮುನ್ಸಿಪಾಲ್ಟಿ ಹೊಸ ಗೊಬ್ಬರ ಮೇಸ್ತ್ರಿ ಮುತ್ತಪ್ಪನನ್ನು ಕಳಿಸಿತ್ತು.

"ನಾರೋ ಸೀರಿ ಯಾರು ತಗೋತಾರ? ನಮ್ಮ ಮಗ್ಗ ನಿಂತ್ರ ನಾವೇನು ತಿನ್ನೂಣು?"

"ಮ್ಯಾಲೆ ಮಣ್ಣು ಮುಚ್ಚತೀವ್ರಿ. ನಾರೂದಿಲ್ಲ ಅಂತ ಕಲಿಸ್ಯಾರ..."

"ಕಲಿಸಿದ್ದು ಬಿಡ್ರಿ. ನಿಮಗ ಖರೇ ಗೊತ್ತೈತೇನು?"

ಅವನು ತಲೆ ತಗ್ಗಿಸಿದ. "ಇಲ್ರಿ... ನೋಡಬೇಕು."

ಮರುದಿನ ಅವನು ಅವಳ ಮನೆಗೇ ಬಂದು ಒಂದು ಸೀರೆ ಕೊಂಡ. ಶಂಕ್ರವ್ವನೇ ನೇಯ್ದ ಕೆಂಪು ಸೀರೆ!

"ಯಾರಿಗೋ ತಮ್ಮಾ?" ಅಂದ ಅವಳ ಅಪ್ಪ ಫಕ್ಕೀರಪ್ಪ.

ಮುತ್ತಪ್ಪ ದುಡ್ಡು ಎಣಿಸಿಟ್ಟು, ಸೀರೆ ಬಗಲಿಗಿಟ್ಟುಕೊಂಡು ಹೊರಟುಬಿಟ್ಟ.

'ಯಾವ ಪುಣ್ಯವಂತಿಗೋ...' ಶಂಕ್ರವ್ವನಿಗೆ ಯಾಕೋ ಸಂಕಟವಾಯಿತು.

ವಾರದ ನಂತರ ಅವಳು ಬಯಲಿಗೆ ಬಂದಾಗ, ಪರೀಕ್ಷೆಗೆಂದು ತೋಡಿದ ಮೊದಲ ಗುಂಡಿಯ ಪಕ್ಕ ಬಿದಿರಿನ ಗಳದ ಮೇಲೆ ಅದೇ ಕೆಂಪು ಸೀರೆ ತೂಗುತ್ತಿತ್ತು!

"ನಾ ನೇಯ್ದದ್ದು ಕಸಕ್ಕ ಕಾವಲೇನ್ರಿ? ನೀವೂ ನೇಕಾರರ ಮನ್ಯಾಗ ಹುಟ್ಟಿದವರು ಅಂತ ಕೇಳಿದ್ನಿ!"

"ಹಂಗಲ್ರೀ, ನಾ..."

ಅವಳು ನಿಲ್ಲಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ ಓಡಿದಳು.

ಎರಡು ದಿನ ಮಗ್ಗದ ಮುಂದೆ ಕೂತರೂ ಕೈ ಓಡಲಿಲ್ಲ. ಮೂರನೆಯ ದಿನ ಫಕ್ಕೀರಪ್ಪ ನಗುತ್ತ ಒಳಗೆ ಬಂದ.

"ಶಂಕ್ರೀ, ಗುಂಡಿ ಗುಡ್ಡದ ಆ ಕಡಿ ಹೋತು! ಆ ಹುಡುಗ ಮುನ್ಸಿಪಾಲ್ಟಿ ಮಂದಿ ಮೂಗಿಗೆ, ನಾತ ನೋಡಾಕ ತೂಗಿದ್ದ ಆ ಸೀರಿ ಹಿಡದು 'ಮೂಸ್ರಿ' ಅಂದ! 'ನನ್ನ ಲೆಕ್ಕ ತಪ್ಪಿತ್ತು, ಗಾಳಿ ಓಣಿ ಕಡಿಗೇ ಬೀಸತೈತಿ, ಬೇಕಾದ್ರ ನನ್ನ ನೌಕರಿ ತಗೀರಿ' ಅಂದ. ಅವರು ಮೂಗು ಮುಚ್ಚಿಕೊಂಡು ಹೂಂ ಅಂದ್ರು!"

ಶಂಕ್ರವ್ವ ಆಗಲೇ ಹೊಸ್ತಿಲು ದಾಟಿದ್ದಳು.

ಗುಡ್ಡದಾಚೆ ಮುತ್ತಪ್ಪ ಹಳೆಯ ಕಸ ಸಾಗಿಸಿ ತುಂಬಿದ ಹೊಸ ಗುಂಡಿಯಿಂದ ಕಬ್ಬಿಣದ ಸರಳು ಎಳೆದು, ಕಸ ಎಷ್ಟು ಕಾದಿದೆ ಎಂದು ಮುಟ್ಟಿ ನೋಡುತ್ತಿದ್ದ.

"ಮದಲ ಹೇಳಬಾರದಿತ್ತೇನ್ರಿ?"

"ಸೀರಿಗೆ ನಾತ ಹಿಡೀಲಿಲ್ಲಂದ್ರ ಗುಂಡಿ ಅಲ್ಲೇ ಆಗತಿತ್ತು. ಖಾತ್ರಿ ಇಲ್ಲದ ನಿಮಗ ಆಸಿ ಹ್ಯಾಂಗ ಹಚ್ಚಲಿ?"

ಅವಳು ಅವನ ಮುಖವನ್ನೇ ನೋಡಿದಳು. ಎಂಥ ಅಂಜುಬುರುಕ... ಎಂಥ ಒಳ್ಳೆಯವನು!

"ಸೀರಿ ಎಲ್ಲೈತಿ?"

ಅವನು ಚೀಲದಿಂದ ತೆಗೆದ. "ಅಂಟವಾಳ ಹಾಕಿ ತೊಳದೀನಿ. ಇನ್ನೂ ನಾರತೈತೇನೋ... ಯಾರಿಗೂ ಕೊಡೂ ಹಂಗಿಲ್ಲ."

"ಯಾರಿಗೆ ತಂದಿದ್ರಿ?"

"ಗುಂಡಿಗೇ ತಂದಿದ್ನಿ. ಆದ್ರ ತೊಳಿಯೂ ಮುಂದ... ನಿಮಗ ಅಂತ ತೊಳದೀನಿ."

ಅವಳು ಸೀರೆಯನ್ನು ಹೆಗಲಿಗೆ ಹಾಕಿಕೊಂಡಳು.

"ಈಗ ನಾರತೈತೇನು?"

ಅವನು ಒಂದು ಹೆಜ್ಜೆ ಬಂದು ನಿಂತ. "ಗೊತ್ತಾಗವಲ್ದು..."

"ನೋಡಬೇಕು ಅಂತೀರೇನು?" ಅವಳು ನಕ್ಕಳು. "ಹಂಗಾರ ಸಂಜಿಗೆ ಬಂದು ಅಪ್ಪನ್ನ ಕೇಳ್ರಿ."

"ಬರತೀನಿ! ಖರೇ ಬರತೀನಿ!"

"ಬರ್ರಿ... ಕೈ ತೊಳಕೊಂಡು ಬರ್ರಿ!"