ಮುನ್ನೂರ ಹತ್ತನೇ ಸಾಲು

ದೆವ್ವಗಿವ್ವ ನಂಬುವವನಲ್ಲ ನಾನು. ನಂಬಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಫೀಸಿನ ಬಾಗಿಲು ತೆರೆದರೆ ಬೆಲ್ ಹೊಡೆಯುವ ಪ್ರೋಗ್ರಾಂ ನಮ್ಮದೇ. ಬಾಗಿಲು ತೆರೆದ ಸುದ್ದಿ ಬಂದೊಡನೆ ಪ್ರೋಗ್ರಾಮಿನ ಒಂದು ಸಾಲು ಒಂದು ಫಂಕ್ಷನ್ನನ್ನು, ಅಂದರೆ ಆ ಕೆಲಸಕ್ಕೆಂದೇ ಬರೆದಿಟ್ಟ ತುಣುಕನ್ನು, ಕರೆಯಬೇಕು, ಅದು ಬೆಲ್ ಹೊಡೆಯಬೇಕು. ಆ ಫಂಕ್ಷನ್ ಹಳೆಯದಾಯಿತೆಂದು ಹೊಸದೊಂದನ್ನು ಬರೆದೆವು. ಆದರೆ ಹಳೆಯದನ್ನು ಒಮ್ಮೆಲೇ ಕಿತ್ತುಹಾಕುವ ಪದ್ಧತಿ ನಮ್ಮಲ್ಲಿಲ್ಲ. ಯಾರಾದರೂ ಅದನ್ನು ಇನ್ನೂ ಕರೆದರೆ, ಯಾವ ಫೈಲಿನ ಯಾವ ಸಾಲಿನಿಂದ ಎಂದು ಪರದೆಯ ಮೇಲೆ ಎಚ್ಚರಿಕೆ ಬರುವಂತೆ ಮಾಡಿ, ಕೆಲವು ತಿಂಗಳು ಬಿಟ್ಟಿರುತ್ತೇವೆ.

ದಿನವೂ ಊಟದ ಹೊತ್ತಿಗೆ, ಬಾಗಿಲು ಮುಚ್ಚಿದ್ದಂತೆಯೇ ಬೆಲ್ ಹೊಡೆಯತೊಡಗಿತು. ಎಚ್ಚರಿಕೆ ನೋಡಿದರೆ ನನ್ನದೇ ಫೈಲು, ಮುನ್ನೂರ ಹತ್ತನೇ ಸಾಲು. ಆ ಫೈಲಿನಲ್ಲಿ ಇದ್ದದ್ದೇ ಮುನ್ನೂರು ಸಾಲು.

ತಲೆ ಕೆಟ್ಟು ಹಳೆಯ ಫಂಕ್ಷನ್ನನ್ನೇ ಅಳಿಸಿಹಾಕಿದೆ. ಮರುದಿನವೂ ಬೆಲ್ ಹೊಡೆಯಿತು, ಅದೇ ಎಚ್ಚರಿಕೆಯೂ ಬಂತು. ಇಲ್ಲದ ಫಂಕ್ಷನ್ನನ್ನು ಇಲ್ಲದ ಸಾಲು ಕರೆಯುತ್ತಿತ್ತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಕೆಲಸ ಬೆಳೆಯುತ್ತಾ ಫೈಲು ಮುನ್ನೂರ ಒಂಬತ್ತನೇ ಸಾಲಿಗೆ ಬಂದು ನಿಂತಿತು. ಮುಂದೆ ಬರೆಯಲು ಕೈ ಏಳಲಿಲ್ಲ. ಕೀಬೋರ್ಡು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಒಂದು ಸಾಲು ಬರೆಯೋಕೂ ಮುಹೂರ್ತ ನೋಡ್ಬೇಕಾ?" ಎಂದರು ಮ್ಯಾನೇಜರ್ ಮೇಡಂ.

"ನೀವೇ ಬರೀರಿ ಮೇಡಂ. ನಂಗೆ ಸಾಕಾಗಿದೆ."

ನನ್ನನ್ನು ಎಬ್ಬಿಸಿ ತಾವೇ ಕೂತರು. ಕೀಲಿಗಳ ಮೇಲೆ ಬೆರಳಿಟ್ಟವರು ಸರಕ್ಕನೆ ಹಿಂತೆಗೆದು, ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡರು.

"ಹೊಸ ಫೈಲ್ ಮಾಡ್ಕೊಳ್ಳಪ್ಪ," ಎಂದರು, ನನ್ನ ಮುಖ ನೋಡದೆ.

ಮಾಡಿಕೊಂಡೆ. ಮೊದಲ ಸಾಲು ಬರೆದು ಊಟಕ್ಕೆ ಎದ್ದೆ. ಬೆಲ್ ಹೊಡೆಯಿತು.

ಎಚ್ಚರಿಕೆಯಲ್ಲಿ ಹೊಸ ಫೈಲಿನ ಹೆಸರಿತ್ತು. ಎರಡನೇ ಸಾಲು.